ಮೊದಲು ಹೊಳೆ, ಅನಂತರ ಗಾಜಿನ ತೊಟ್ಟಿ

ಮನೆಯಲ್ಲಿ ಮೀನು ಸಾಕುವ ಹವ್ಯಾಸವು ನಮ್ಮ ನಾಡಿನ ಪಟ್ಟಣಗಳಲ್ಲಿ ದಿನೇ ದಿನೇ ಹಬ್ಬುತ್ತಿದೆ. ದಾವಣಗೆರೆಯಂತಹ ನಗರದಲ್ಲಿ ಗಾಜಿನ ತೊಟ್ಟಿಯೊಂದನ್ನೂ, ಗಾಳಿ ಊದುವ ಪಂಪನ್ನೂ, ಬಣ್ಣದ ಕಲ್ಲುಗಳನ್ನೂ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಟ್ಟ ನಾಲ್ಕಾರು ಮೀನುಗಳನ್ನೂ ಒಂದೇ ಗಂಟೆಯೊಳಗೆ ಕೊಂಡು ಮನೆಗೆ ತರಬಹುದು. ಜೀವಿಗಳನ್ನು ಕಣ್ಣೆದುರಿನಲ್ಲಿಯೇ ಇಟ್ಟುಕೊಂಡು ನೋಡುವ ಅವಕಾಶವನ್ನು ಕೊಡುವ ಈ ಹವ್ಯಾಸವು ಒಳ್ಳೆಯದೇ ಸರಿ. ಆದರೆ ಹಾಗೆ ತಂದ ಮೀನಿನ ಹೆಸರೇನು, ಅದರ ತವರು ಯಾವುದು, ಪೂರ್ಣವಾಗಿ ಬೆಳೆದಾಗ ಅದು ಎಷ್ಟು ಉದ್ದವಾಗುವುದು, ಅದು ಹೊಳೆಯಿಂದ ಹಿಡಿದುದೋ ಸಾಕಣೆಯ ಕೊಳದಲ್ಲಿ ಹುಟ್ಟಿದುದೋ ಎಂಬ ನಾಲ್ಕು ಪ್ರಶ್ನೆಗಳನ್ನು ಕೇಳಿದರೆ ಸರಿಯಾದ ಉತ್ತರ ಹೇಳಬಲ್ಲವರು ವಿರಳ. ಈ ನಾಲ್ಕಕ್ಕೂ ಉತ್ತರ ತಿಳಿಯದೆ ಯಾವ ಮೀನನ್ನೂ ಮನೆಗೆ ತರಕೂಡದು ಎಂಬುದು ನಮ್ಮ ಅಭಿಪ್ರಾಯ. ಇದಕ್ಕೆ ಕಾರಣವೇನೆಂಬುದನ್ನು, ನಮ್ಮ ಹೊಳೆಗಳಲ್ಲಿಯೇ ವಾಸಿಸುವ ಲೋಚ್ ಎಂಬ ಮೀನಿನ ಬಳಗವನ್ನು ನಿದರ್ಶನವಾಗಿಟ್ಟುಕೊಂಡು ವಿವರಿಸಲು ಯತ್ನಿಸುತ್ತೇವೆ.

ಲೋಚ್ ಎಂದರೆ ಯಾವ ಮೀನು?

ಲೋಚ್‌ಗಳು ರೋಹು, ಕಾಟ್ಲಾ, ಗೆಂಡೆ ಮೀನುಗಳ ದೂರದ ಬಂಧುಗಳು. ಇಡೀ ಜಗತ್ತಿನಲ್ಲಿ ಇವುಗಳ ಸಾವಿರಕ್ಕೂ ಹೆಚ್ಚು ಜಾತಿಗಳನ್ನು ವಿಜ್ಞಾನಿಗಳು ಗುರುತಿಸಿದ್ದಾರೆ. ಏಷ್ಯಾ ಮತ್ತು ಯೂರೋಪುಗಳಲ್ಲಿಯೂ ಆಫ್ರಿಕಾದ ಒಂದೆರಡು ಮೂಲೆಗಳಲ್ಲಿಯೂ ಇವು ಸಹಜವಾಗಿ ವಾಸಿಸುತ್ತವೆ. ಅಮೆರಿಕ ಮತ್ತು ಆಸ್ಟ್ರೇಲಿಯಗಳ ಹೊಳೆಗಳಲ್ಲಿ ಇವು ಸ್ವಭಾವತಃ ಇಲ್ಲ. ಹೆಚ್ಚಿನವು ನಮ್ಮ ಬೆರಳಿಗಿಂತ ದೊಡ್ಡವಲ್ಲ. ಹೊಳೆಯ ತಳದ ಮರಳು, ಕಲ್ಲು, ಕೆಸರುಗಳೇ ಇವುಗಳ ಮನೆ.

ತಳದ ಈ ಜೀವನಕ್ಕೆ ತಕ್ಕಂತೆ ಇವುಗಳ ದೇಹವು ರೂಪುಗೊಂಡಿದೆ. ಬಾಯಿಯು ತಲೆಯ ಕೆಳಭಾಗದಲ್ಲಿದೆ. ಬಾಯಿಯ ಸುತ್ತ ಮೂರು ಅಥವಾ ಅದಕ್ಕೂ ಹೆಚ್ಚು ಜೊತೆ ಮೃದುವಾದ ಮೀಸೆಗಳಿವೆ. ಈ ಮೀಸೆಗಳ ತುಂಬ ರುಚಿಯನ್ನು ತಿಳಿಯುವ ಕಣಗಳಿರುವುದರಿಂದ, ಲೋಚ್ ಮೀನು ಕತ್ತಲಲ್ಲಿಯೂ ಕದಡಿದ ನೀರಿನಲ್ಲಿಯೂ ಮರಳನ್ನು ತಡಕಿ ಹುಳುಹುಪ್ಪಟೆಗಳನ್ನು ಕಂಡುಕೊಳ್ಳಬಲ್ಲುದು. ಉಳಿದ ಮೀನುಗಳನ್ನು ನೀರಿನ ನಡುವೆ ತೇಲಿಸುವ ಗಾಳಿಯ ಚೀಲವು ಇವುಗಳಲ್ಲಿ ಚಿಕ್ಕದಾಗಿ, ಬಹುಮಟ್ಟಿಗೆ ಎಲುಬಿನ ಗೂಡಿನೊಳಗೆ ಅಡಗಿಕೊಂಡಿದೆ. ಆದುದರಿಂದ ಈಜುವುದನ್ನು ನಿಲ್ಲಿಸಿದೊಡನೆ ಲೋಚ್ ತಳಕ್ಕೆ ಇಳಿಯುತ್ತದೆ. ಹುರುಪೆಗಳು ಅತಿ ಸಣ್ಣವು. ಕೆಲವು ಜಾತಿಗಳಲ್ಲಿ ಬರಿಗಣ್ಣಿಗೆ ಕಾಣುವುದೇ ಇಲ್ಲ.

ಮೀಸೆಯಿದ್ದ ಮಾತ್ರಕ್ಕೆ ಅದು ಲೋಚ್ ಎಂದು ತಿಳಿಯಬಾರದು. ಚೇಳು ಮೀನು ಮತ್ತು ಅದರ ಬಳಗದ ಮೀನುಗಳಿಗೂ ಮೀಸೆಯುಂಟು. ಆದರೆ ಅವುಗಳ ಎದೆಯ ಈಜುರೆಕ್ಕೆಗಳ ಮುಂಭಾಗದಲ್ಲಿ ಗಟ್ಟಿಯಾದ ಮುಳ್ಳು ಇರುವುದು. ಲೋಚ್‌ಗಳಲ್ಲಿ ಅಂತಹ ಮುಳ್ಳಿಲ್ಲ. ಹಾವು ಮೀನಿನ ಮರಿಯೂ ಸಣಕಲಾಗಿ ತಳದಲ್ಲಿ ಹರಿದಾಡುವುದುಂಟು. ಅದರ ಮೂತಿ ಚೂಪಾಗಿ ನೀಳವಾಗಿದ್ದು ಮೀಸೆಗಳಿರುವುದಿಲ್ಲ. ಅಂಗಡಿಗಳಲ್ಲಿ ಗಾಜಿಗೆ ಬಾಯಿ ಕಚ್ಚಿಕೊಂಡು ಪಾಚಿ ತಿನ್ನುವ ‘ಸಕ್ಕರ್’ ಮೀನನ್ನು ಕೆಲವರು ಲೋಚ್ ಎಂದು ಕರೆಯುವುದುಂಟು. ಅದು ದಕ್ಷಿಣ ಅಮೆರಿಕದಿಂದ ಬಂದ, ಮೈಮೇಲೆ ಎಲುಬಿನ ಫಲಕಗಳಿರುವ ಬೇರೆಯೇ ಬಳಗದ ಮೀನು.

ಮೂರು ಬಳಗಗಳು

ನಮ್ಮ ಕಡೆಯ ಲೋಚ್‌ಗಳನ್ನು ಗುರುತಿಸಲು ತೊಡಗುವವನು ಮೊದಲು ನೋಡಬೇಕಾದುದು ಬಣ್ಣವನ್ನಲ್ಲ. ಬಣ್ಣವು ಮೀನಿನ ವಯಸ್ಸು, ಭಯ, ತಳದ ಮರಳಿನ ಛಾಯೆ ಇವುಗಳಿಗೆ ಅನುಸಾರವಾಗಿ ಬದಲಾಗುತ್ತದೆ. ನೋಡಬೇಕಾದುದು ಕಣ್ಣಿನ ಕೆಳಗಿನ ಮುಳ್ಳನ್ನೂ ಬಾಲದ ಆಕಾರವನ್ನೂ.

ಕಣ್ಣಿನ ಕೆಳಗೆ, ಚರ್ಮದ ಮಡಿಕೆಯಲ್ಲಿ ಅಡಗಿಕೊಂಡಿರುವ ಪುಟ್ಟ ಮುಳ್ಳೊಂದಿದ್ದು, ದೇಹವು ತೆಳ್ಳಗೆ ನೀಳವಾಗಿದ್ದು, ಬಾಲದ ಅಂಚು ಹೆಚ್ಚುಕಡಿಮೆ ನೇರವಾಗಿ ಕತ್ತರಿಸಿದಂತಿದ್ದರೆ ಅದು ಮುಳ್ಳು ಲೋಚ್. ದಕ್ಷಿಣ ಭಾರತದಲ್ಲಿ ಸಾಮಾನ್ಯವಾಗಿರುವ ಈ ಬಗೆಯ ಮೀನಿನ ಶಾಸ್ತ್ರೀಯ ನಾಮ ಲೆಪಿಡೊಕೆಫಾಲಿಕ್ತಿಸ್ ಥರ್ಮಾಲಿಸ್. ಸಿಂಹಳದ ಬಿಸಿನೀರಿನ ಬುಗ್ಗೆಗಳಲ್ಲಿ ದೊರೆತ ಮೀನನ್ನು ಫ್ರಾನ್ಸಿನ ವಾಲೆನ್ಸಿಯೆನ್ ಎಂಬ ವಿಜ್ಞಾನಿ 1846ರಲ್ಲಿ ವರ್ಣಿಸಿದುದರಿಂದ ಅದಕ್ಕೆ ‘ಬಿಸಿನೀರಿನ’ ಎಂಬ ಅರ್ಥದ ಹೆಸರು ಬಂದಿತು. ತಮಿಳುನಾಡಿನ ಜನ ಇಂತಹ ಪುಟ್ಟ ಮೀನುಗಳನ್ನು ‘ಅಯಿರೆ’ ಎಂದು ಕರೆದು ಸಾರು ಮಾಡಿ ಉಣ್ಣುತ್ತಾರೆ. ಗಂಡಿನ ಎದೆರೆಕ್ಕೆಯ ಒಳಗಡೆಯ ಕಡ್ಡಿಗಳು ದಪ್ಪವಾಗಿ ಬಿರುಸಾಗಿರುವುದರಿಂದ, ಭೂತಗಾಜಿನ ಸಹಾಯದಿಂದ ಹೆಣ್ಣುಗಂಡುಗಳನ್ನು ಬೇರ್ಪಡಿಸಬಹುದು.

ಕಣ್ಣಿನ ಕೆಳಗೆ ಮುಳ್ಳಿದ್ದು, ದೇಹವು ಅಗಲವಾಗಿ ಪಕ್ಕದಿಂದ ಒತ್ತಿದಂತಿದ್ದು, ಬಾಲವು ಆಳವಾಗಿ ಕವಲೊಡೆದಿದ್ದರೆ ಅದು ಬೋಟಿಯಾ ಬಳಗಕ್ಕೆ ಸೇರಿದುದು. ಹಳದಿಯ ಮೈಮೇಲೆ ಕಂದುಗಪ್ಪು ಬಣ್ಣದ ಅನೇಕ ಕಿರುಪಟ್ಟೆಗಳನ್ನು ಹೊತ್ತ ಬೋಟಿಯಾ ಸ್ಟ್ರಯೇಟಾ ಎಂಬ ಮೀನು ಅಂಗಡಿಗಳಲ್ಲಿ ‘ಜೀಬ್ರಾ ಲೋಚ್’ ಎಂದು ಮಾರಾಟವಾಗುತ್ತದೆ. ಇದು ಸುಮಾರು 8 ಸೆಂಟಿಮೀಟರ್ ಬೆಳೆಯುತ್ತದೆ. ಇದೇ ಬಳಗದ ಇನ್ನೊಂದು ಮೀನು, ಕಿತ್ತಳೆಯ ಮೈಮೇಲೆ ಮೂರು ಅಗಲವಾದ ಕಪ್ಪು ಪಟ್ಟೆಗಳಿರುವ ‘ಕ್ಲೌನ್ ಲೋಚ್’, ಸುಮಾತ್ರ ಮತ್ತು ಬೋರ್ನಿಯೋ ದ್ವೀಪಗಳದು. ಅಂಗಡಿಯಲ್ಲಿ ಹೆಬ್ಬೆರಳಿನಷ್ಟಿರುವ ಅದು ಮುಂದೆ 30 ಸೆಂಟಿಮೀಟರ್ ವರೆಗೂ ಬೆಳೆಯಬಲ್ಲುದು. ಎರಡು ಅಡಿಯ ತೊಟ್ಟಿಗೆ ಅದನ್ನು ಕೊಂಡು ತಂದವನು, ಆನೆಮರಿಯನ್ನು ಕುರಿದೊಡ್ಡಿಗೆ ತಂದವನಂತೆ ಬಹುಬೇಗ ಕಷ್ಟಕ್ಕೆ ಸಿಲುಕುತ್ತಾನೆ. ಹೆಸರು ತಿಳಿಯದಿದ್ದರೆ ಆಗುವ ಮೊದಲನೆಯ ತೊಂದರೆ ಇದು.

ಕಣ್ಣಿನ ಕೆಳಗೆ ಮುಳ್ಳೇ ಇಲ್ಲದಿದ್ದರೆ ಅದು ನೆಮಕೈಲಸ್ ಬಳಗದ ಮೀನಾಗಿರಬೇಕು. ಹರಿಯುವ ನೀರಿನ ಕಲ್ಲುಗಳ ನಡುವೆ ವಾಸಿಸುವ ಅನೇಕ ಜಾತಿಗಳು ಈ ಬಳಗದಲ್ಲಿವೆ. ಬಾಲದ ಬುಡದಲ್ಲಿ ಮೇಲ್ಗಡೆ ಕಣ್ಣಿನಂತಹ ಕಪ್ಪು ಚುಕ್ಕೆಯೊಂದಿದ್ದು, ಬೆನ್ನಿನ ರೆಕ್ಕೆ ಉದ್ದವಾಗಿದ್ದರೆ ಅದು ಪ್ಯಾರಕ್ಯಾಂತೊಕೊಬೈಟಿಸ್ ಎಂಬ ಕುಲಕ್ಕೆ ಸೇರುವುದು. ಈ ಕುಲದ ‘ಮೂರೇ’ ಎಂಬ ಜಾತಿಯನ್ನು 1839ರಲ್ಲಿ ವರ್ಣಿಸಿದವನು ಕರ್ನಲ್ ಸೈಕ್ಸ್ ಎಂಬ ಆಂಗ್ಲ ಅಧಿಕಾರಿ. ದಖ್ಖನಿನ ಮೀನುಗಳಿಗೆ ಅವನಿಟ್ಟ ಶಾಸ್ತ್ರೀಯ ನಾಮಗಳಲ್ಲಿ ಹಲವು ಅಲ್ಲಿಯ ಜನರ ಬಾಯಲ್ಲಿದ್ದ ಹೆಸರುಗಳಿಂದಲೇ ಬಂದವು. ಮೀನು ಹಿಡಿಯುವವನ ನಾಲಗೆಯ ಮೇಲಿದ್ದ ಮಾತು ಜಗತ್ತಿನ ವಿದ್ವತ್ಪತ್ರಿಕೆಗಳಿಗೆ ಏರಿತೆಂಬುದನ್ನು ನಮ್ಮ ವಿದ್ಯಾರ್ಥಿಗಳು ಗಮನಿಸತಕ್ಕದ್ದು.

ತವರಿನ ಕಥೆ

ಜೀಬ್ರಾ ಲೋಚ್ ಎಂಬ ಆಂಗ್ಲ ಹೆಸರನ್ನು ಹೊತ್ತ ಆ ಪಟ್ಟೆಯ ಮೀನು ಎಲ್ಲಿಯದು? ಅಂಗಡಿಯ ತೊಟ್ಟಿಯಲ್ಲಿ ಸಿಂಗಪುರದ, ಬ್ರೆಜಿಲಿನ ಮೀನುಗಳ ಪಕ್ಕದಲ್ಲಿ ಅದನ್ನು ಕಂಡವರು ಅದನ್ನೂ ಹಡಗಿನಲ್ಲಿ ಬಂದುದೆಂದು ಭಾವಿಸಿದರೆ ಆಶ್ಚರ್ಯವಿಲ್ಲ. ಆದರೆ ಅದು ನಮ್ಮ ತುಂಗಾ ನದಿಯ ಮೀನು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಸಿ. ಆರ್. ನಾರಾಯಣರಾಯರು ಶಿವಮೊಗ್ಗದ ಬಳಿಯ ತುಂಗೆಯಲ್ಲಿ ದೊರೆತ ಮಾದರಿಗಳನ್ನು ಪರೀಕ್ಷಿಸಿ, 1920ರಲ್ಲಿ ಅದನ್ನು ಹೊಸ ಜಾತಿಯೆಂದು ವರ್ಣಿಸಿದರು. ಅದೇ ವರ್ಷ ಅವರು ವರ್ಣಿಸಿದ ಇನ್ನೊಂದು ಲೋಚ್‌ಗೆ ಶಿವಮೊಗ್ಗೆಯ ಹೆಸರನ್ನೇ ಇಟ್ಟು ನೆಮಕಿಲಿಕ್ತಿಸ್ ಶಿಮೊಗೆನ್ಸಿಸ್ ಎಂದು ಕರೆದರು. 1932ರಲ್ಲಿ ಬೆಂಗಳೂರಿನಿಂದ ಹೊರಟ ‘ಕರೆಂಟ್ ಸೈನ್ಸ್’ ಪತ್ರಿಕೆಯ ಮೊದಲ ಸಂಪಾದಕರೂ ಅವರೇ. ಕಪ್ಪೆಗಳ ವಿಷಯದಲ್ಲಿ ಅವರು ಮಾಡಿದ ಕೆಲಸವನ್ನು ಗೌರವಿಸಿ, 2010ರಲ್ಲಿ ಪೊದೆಗಪ್ಪೆಗಳ ಒಂದು ಕುಲಕ್ಕೆ ರಾವೋರ್ಕೆಸ್ಟಿಸ್ ಎಂದು ಹೆಸರಿಡಲಾಯಿತು. ಇಂತಹ ವಿದ್ವಾಂಸರೊಬ್ಬರು ನಮ್ಮ ನಾಡಿನ ಹೊಳೆಯಲ್ಲಿ ಕಂಡು ಜಗತ್ತಿಗೆ ಪರಿಚಯಿಸಿದ ಮೀನನ್ನು, ನೂರು ವರ್ಷಗಳ ಅನಂತರ ನಾವು ಪರದೇಶದ ಆಟಿಕೆಯೆಂದು ತಿಳಿದು ಕೊಳ್ಳುತ್ತಿರುವುದು ವಿಷಾದದ ಸಂಗತಿ.

ಬೋಟಿಯಾ ಬಳಗದ ಇತರ ಜಾತಿಗಳು ಗಂಗಾ, ಬ್ರಹ್ಮಪುತ್ರಾ ನದಿಗಳಲ್ಲಿಯೂ ಬರ್ಮಾದ ಕಡೆಯಲ್ಲಿಯೂ ಇವೆ. ಹಾಗಾದರೆ ಇದೊಂದು ಮಾತ್ರ ಸಹ್ಯಾದ್ರಿಯ ಮಗ್ಗುಲಿಗೆ ಹೇಗೆ ಬಂದಿತು? ಗುಡ್ಡದ ಹೊಳೆಗಳ ಮೀನುಗಳ ಬಗ್ಗೆ ಇಂತಹದೇ ಪ್ರಶ್ನೆಯನ್ನು ಎತ್ತಿದ ಡಾ. ಸುಂದರಲಾಲ್ ಹೋರಾ ಅವರು, ಪೂರ್ವ ಹಿಮಾಲಯದ ಮೀನುಗಳು ಸಾತ್ಪುರ ಪರ್ವತಶ್ರೇಣಿಯ ಹೊಳೆಗಳ ಮೂಲಕ ಪಶ್ಚಿಮಕ್ಕೂ, ಅಲ್ಲಿಂದ ದಕ್ಷಿಣಕ್ಕೂ ಹರಡಿರಬೇಕೆಂದು ಊಹಿಸಿದರು. ಇಂದಿನ ತಳಿವಿಜ್ಞಾನಿಗಳು ಆ ವಾದವನ್ನು ಇದ್ದಂತೆಯೇ ಒಪ್ಪುವುದಿಲ್ಲ. ಆದರೆ ಎಂಟು ಸೆಂಟಿಮೀಟರಿನ ಮೀನೊಂದು ಒಂದು ಉಪಖಂಡದ ಚರಿತ್ರೆಯನ್ನೇ ಪ್ರಶ್ನಿಸುವಂತೆ ಮಾಡಬಲ್ಲುದು ಎಂಬುದು ಸುಳ್ಳಲ್ಲ.

ಈ ತುಂಗೆಯು ಕೂಡಲಿಯಲ್ಲಿ ಭದ್ರೆಯನ್ನು ಸೇರಿ, ತುಂಗಭದ್ರೆಯಾಗಿ ಹೊನ್ನಾಳಿಯನ್ನು ದಾಟಿ ಹರಿಹರಕ್ಕೆ ಬರುತ್ತದೆ. ಸೂಳೆಕೆರೆಯಿಂದ ಹರಿದುಬರುವ ಹರಿದ್ರಾ ಹಳ್ಳವು ಇಲ್ಲಿಯೇ ಅದಕ್ಕೆ ಕೂಡುತ್ತದೆ. ಮಲೆನಾಡಿನ ಕಲ್ಲುಹೊಳೆಯು ಬಯಲುಸೀಮೆಯ ಮರಳುಹೊಳೆಯಾಗಿ ಮಾರ್ಪಡುವ ಪ್ರದೇಶವಿದು. ದಾವಣಗೆರೆಯಿಂದ ಸುಮಾರು 14 ಕಿಲೋಮೀಟರ್ ದೂರದಲ್ಲಿಯೇ ಇಂತಹ ಹೊಳೆಯಿದ್ದರೂ, ನಮ್ಮ ವಿದ್ಯಾರ್ಥಿಗಳಿಗೆ ಹರಿಹರೇಶ್ವರ ದೇವಾಲಯದ ಶಿಲ್ಪದ ಪರಿಚಯವಿರುವಷ್ಟು ಅದರ ಪಕ್ಕದ ನೀರಿನ ಪರಿಚಯವಿಲ್ಲ.

ಹೊಳೆಗೆ ಬಂದಿರುವ ವಿಪತ್ತುಗಳೂ ಅಲ್ಪವಲ್ಲ. 1980ರ ದಶಕದಲ್ಲಿ ಹರಿಹರದ ಆಸುಪಾಸಿನಲ್ಲಿ ಕಾರ್ಖಾನೆಯ ಕಲ್ಮಷ ಸೇರಿ ಮೀನುಗಳು ಸತ್ತು ತೇಲಿದುದೂ, ಅದನ್ನು ವಿರೋಧಿಸಿ ದಡದ ಹಳ್ಳಿಗಳ ಜನ ಚಳವಳಿ ಹೂಡಿದುದೂ ನಾಡಿಗೆ ತಿಳಿದ ವಿಷಯ. ಸದ್ದಿಲ್ಲದ ಇನ್ನೊಂದು ವಿಪತ್ತು ಮರಳಿನದು. ಲೋಚ್‌ಗೆ ಮರಳು ಕೇವಲ ಹಾಸಿಗೆಯಲ್ಲ. ಅದೇ ಅದರ ಅಡುಗೆಮನೆ, ಶತ್ರುವಿನಿಂದ ಅಡಗುವ ತಾಣವೂ ಅದೇ. ಮನೆ ಕಟ್ಟಲೆಂದು ಆ ಮರಳನ್ನು ಲಾರಿಗಟ್ಟಲೆ ತೆಗೆದು ಗುಂಡಿ ಬಿದ್ದ ಹೊಳೆಯಲ್ಲಿ, ನೀರು ಎಷ್ಟೇ ತಿಳಿಯಾಗಿದ್ದರೂ ಮುಳ್ಳು ಲೋಚ್ ಬಾಳಲಾರದು. ದೊಡ್ಡ ಮೀನು ಕಡಮೆಯಾದರೆ ಮಾರುಕಟ್ಟೆಯಲ್ಲಿ ಬೆಲೆ ಏರಿ ಎಲ್ಲರಿಗೂ ತಿಳಿಯುತ್ತದೆ. ಬೆರಳುದ್ದದ ಮೀನು ಇಲ್ಲವಾದರೆ, ಅದನ್ನು ಹೆಸರಿಟ್ಟು ಬಲ್ಲವರು ಇರದ ಊರಿನಲ್ಲಿ ಯಾರಿಗೂ ತಿಳಿಯುವುದಿಲ್ಲ. ಗುರುತಿಸುವ ವಿದ್ಯೆಯು ಕೇವಲ ಪರೀಕ್ಷೆಯ ವಿಷಯವಲ್ಲವೆಂದು ನಾವು ಒತ್ತಿ ಹೇಳುವುದು ಈ ಕಾರಣದಿಂದ.

ತೊಟ್ಟಿಯಲ್ಲಿ ಲೋಚ್

ಲೋಚ್‌ಗಳನ್ನು ಸಾಕುವುದು ಅಸಾಧ್ಯವೇನಲ್ಲ. ಆದರೆ ಅವು ಹೊಸಬನ ತಪ್ಪುಗಳನ್ನು ಸಹಿಸುವುದಿಲ್ಲ. ಆರು ಸಣ್ಣ ಲೋಚ್‌ಗಳಿಗೆ ಮೂರು ಅಡಿ ಉದ್ದ, ಒಂದು ಅಡಿ ಅಗಲ, ಒಂದೂಕಾಲು ಅಡಿ ಎತ್ತರದ ತೊಟ್ಟಿಯಾದರೂ ಬೇಕು. ಅದರಲ್ಲಿ ಸುಮಾರು 100 ಲೀಟರ್ ನೀರು ಹಿಡಿಯುವುದರಿಂದ, ನೀರಿನ ತೂಕವೇ ಒಂದು ಕ್ವಿಂಟಲ್ ಆಗುವುದನ್ನು ನೆನಪಿನಲ್ಲಿಟ್ಟು ಗಟ್ಟಿಯಾದ ಮೇಜನ್ನು ಹೊಂದಿಸಬೇಕು. ತಳಕ್ಕೆ ಅಂಗಡಿಯ ಚೂಪುಕಲ್ಲುಗಳನ್ನು ಹಾಕಕೂಡದು. ಅವು ಮೀಸೆಗಳನ್ನು ಸವೆಯಿಸಿ ಗಾಯ ಮಾಡುತ್ತವೆ. ಚೆನ್ನಾಗಿ ತೊಳೆದ ನುಣುಪಾದ ಮರಳು ಒಂದೆರಡು ಅಂಗುಲ ಇದ್ದರೆ ಸಾಕು. ಮೇಲೆ ಕೆಲವು ದುಂಡುಗಲ್ಲುಗಳೂ ಅಡಗಿಕೊಳ್ಳಲು ಮಡಕೆಯ ಚೂರುಗಳೂ ಇರಲಿ. ಲೋಚ್‌ಗಳು ಜೊತೆಗಾರರಿಲ್ಲದೆ ಬಾಳುವ ಮೀನುಗಳಲ್ಲ. ಒಂಟಿಯಾಗಿಟ್ಟ ಬೋಟಿಯಾ ಮೂಲೆ ಹಿಡಿದು ಕೂರುತ್ತದೆ, ಇಲ್ಲವೆ ಬೇರೆ ಮೀನುಗಳನ್ನು ಪೀಡಿಸುತ್ತದೆ. ಹಿಂಡಿನಲ್ಲಿದ್ದರೆ ಅವುಗಳ ಆಟಗಳನ್ನೂ, ಆಹಾರಕ್ಕಾಗಿ ಜಗಳವಾಡುವಾಗ ಹೊರಡಿಸುವ ಚಟಚಟ ಶಬ್ದವನ್ನೂ ಕಾಣಬಹುದು, ಕೇಳಬಹುದು. ಕೆಲವೊಮ್ಮೆ ಬೋಟಿಯಾ ಸತ್ತಂತೆ ಮಗ್ಗುಲಾಗಿ ಮಲಗುವುದುಂಟು. ಇದು ಅದರ ವಿಶ್ರಾಂತಿಯ ರೀತಿ. ಗಾಬರಿಗೊಂಡು ಎತ್ತಿ ಎಸೆಯಬಾರದು.

ಹೊಸ ತೊಟ್ಟಿಯಲ್ಲಿ ಮೀನು ಸಾಯುವುದಕ್ಕೆ ಬಹುಮಟ್ಟಿಗೆ ಕಾರಣ ರೋಗವಲ್ಲ, ಅಮೋನಿಯ. ಮೀನು ತನ್ನ ಕಿವಿರುಗಳ ಮೂಲಕ ಅಮೋನಿಯವನ್ನು ಹೊರಹಾಕುತ್ತದೆ. ಉಳಿದ ಆಹಾರವು ಕೊಳೆತಾಗಲೂ ಅದೇ ಹುಟ್ಟುತ್ತದೆ. ಇದು ವಿಷ. ಒಂದು ಬಗೆಯ ಬ್ಯಾಕ್ಟೀರಿಯಗಳು ಅದನ್ನು ನೈಟ್ರೈಟಾಗಿಯೂ, ಮತ್ತೊಂದು ಬಗೆಯವು ಆ ನೈಟ್ರೈಟನ್ನು ಅಷ್ಟೊಂದು ಅಪಾಯವಿಲ್ಲದ ನೈಟ್ರೇಟಾಗಿಯೂ ಮಾರ್ಪಡಿಸುತ್ತವೆ. ಸೋಸುಗದಲ್ಲಿಯೂ ಮರಳಿನಲ್ಲಿಯೂ ಈ ಸೂಕ್ಷ್ಮಜೀವಿಗಳು ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರಗಳು ಬೇಕು. ಗದ್ದೆ ಹದವಾಗುವ ಮೊದಲೇ ನಾಟಿ ಮಾಡುವ ರೈತನುಂಟೆ? ತೊಟ್ಟಿ ಹದವಾಗುವ ಮೊದಲು ಲೋಚ್‌ಗಳನ್ನು ಬಿಡುವುದೂ ಅಷ್ಟೇ ಅವಿವೇಕ. ಅನಂತರವೂ ವಾರಕ್ಕೊಮ್ಮೆ ಕಾಲುಭಾಗದಷ್ಟು ನೀರನ್ನು ಬದಲಿಸುತ್ತಿರಬೇಕು. ನಲ್ಲಿಯ ನೀರಿನಲ್ಲಿ ಕ್ಲೋರೀನ್ ಇರುವುದರಿಂದ ಅದನ್ನು ತೆರೆದ ಪಾತ್ರೆಯಲ್ಲಿ ಒಂದು ದಿನ ಗಾಳಿಗಿಟ್ಟೋ, ಹೈಪೊ ಎಂದು ಹೆಸರಾದ ಸೋಡಿಯಂ ಥಯೊಸಲ್ಫೇಟನ್ನು ಬೆರೆಸಿಯೋ ಬಳಸಬೇಕು.

ಬೇಸಗೆಯಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಸಮುದ್ರಮಟ್ಟದಲ್ಲಿ 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಒಂದು ಲೀಟರ್ ಸಿಹಿನೀರು ಸುಮಾರು 9.1 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಡಬಲ್ಲುದು. 30 ಡಿಗ್ರಿಗೆ ಏರಿದರೆ ಅದು ಸುಮಾರು 7.6 ಮಿಲಿಗ್ರಾಮಿಗೆ ಇಳಿಯುತ್ತದೆ. ನೀರು ಬಿಸಿಯಾದಷ್ಟೂ ಮೀನಿಗೆ ಬೇಕಾಗುವ ಆಮ್ಲಜನಕ ಹೆಚ್ಚುತ್ತದೆ, ದೊರೆಯುವುದು ಕಡಮೆಯಾಗುತ್ತದೆ. ಏಪ್ರಿಲ್, ಮೇ ತಿಂಗಳುಗಳ ದಾವಣಗೆರೆಯ ಬಿಸಿಲಿನಲ್ಲಿ ಹರಿಯುವ ನೀರಿನ ಲೋಚ್‌ಗಳಿಗೆ ಇದು ಪ್ರಾಣಸಂಕಟವೇ ಆಗಬಹುದು. ತೊಟ್ಟಿಯನ್ನು ಕಿಟಕಿಯ ಬಿಸಿಲಿನಿಂದ ದೂರವಿಟ್ಟು, ಗಾಳಿಯ ಪಂಪನ್ನು ಹಗಲಿರುಳೂ ನಡೆಯಿಸಬೇಕು. ಮುಳ್ಳು ಲೋಚ್‌ನ ಕುಲದಲ್ಲಿ ಮಾತ್ರ ಒಂದು ವಿಶೇಷವುಂಟು: ಅದು ಮೇಲಕ್ಕೆ ಬಂದು ಗಾಳಿಯನ್ನು ನುಂಗಿ, ತನ್ನ ಕರುಳಿನ ಮೂಲಕ ಆಮ್ಲಜನಕವನ್ನು ಹೀರಿಕೊಳ್ಳಬಲ್ಲುದು. ಯೂರೋಪಿನ ಲೋಚ್ ಒಂದರಲ್ಲಿ ಈ ಕರುಳಿನ ಉಸಿರಾಟವನ್ನು ಜರ್ಮನಿಯ ಪಾಲ್ ಎರ್ಮನ್ 1808ರಷ್ಟು ಹಿಂದೆಯೇ ತೋರಿಸಿಕೊಟ್ಟನು. ಬಿರುಗಾಳಿಗೆ ಮುನ್ನ ವಾಯುಭಾರ ಇಳಿದಾಗ ಚಡಪಡಿಸುವುದರಿಂದ ಆ ಮೀನಿಗೆ ‘ಹವಾಮಾನದ ಮೀನು’ ಎಂದೇ ಹೆಸರು.

ಮೀನಿನ ಮೈಮೇಲೆ ಉಪ್ಪು ಉದುರಿಸಿದಂತೆ ಬಿಳಿಯ ಚುಕ್ಕೆಗಳೆದ್ದರೆ ಅದು ಇಕ್ತಿಯೊಫ್ತಿರಿಯಸ್ ಎಂಬ ಏಕಕಣ ಜೀವಿಯ ಕಾಟ. ಹುರುಪೆ ಸಣ್ಣದಾದ ಲೋಚ್‌ಗಳಿಗೆ ಇದು ಬೇಗ ತಗಲುತ್ತದೆ. ತಾಮ್ರ, ಫಾರ್ಮಲಿನ್ ಇರುವ ಔಷಧಗಳೂ ಅವುಗಳಿಗೆ ಬೇಗ ಹಾನಿ ಮಾಡುತ್ತವೆ. ಹೊಸ ಮೀನನ್ನು ಕೆಲವು ವಾರ ಪ್ರತ್ಯೇಕ ಪಾತ್ರೆಯಲ್ಲಿಟ್ಟು ನೋಡಿ ಅನಂತರ ಕೂಡಿಸುವುದೇ ಉತ್ತಮ ಚಿಕಿತ್ಸೆ. ಕಣ್ಣಿನ ಕೆಳಗಿನ ಮುಳ್ಳು ಬಲೆಯ ಬಟ್ಟೆಗೆ ಸಿಕ್ಕಿಕೊಂಡು ಮೀನು ಗಾಯಗೊಳ್ಳುವುದರಿಂದ, ಲೋಚ್‌ಗಳನ್ನು ಲೋಟದಿಂದ ನೀರಿನ ಸಮೇತ ಎತ್ತಬೇಕು. ಸರಿಯಾಗಿ ನೋಡಿಕೊಂಡರೆ ಬೋಟಿಯಾಗಳು ಹತ್ತು ವರ್ಷ ಮೀರಿ ಬಾಳುತ್ತವೆ. ಹೈಸ್ಕೂಲಿನಲ್ಲಿ ಕೊಂಡ ಮೀನನ್ನು ಡಿಗ್ರಿ ಮುಗಿದ ಮೇಲೂ ನೋಡಿಕೊಳ್ಳಬೇಕಾದೀತೆಂದು ಇದರರ್ಥ.

ವ್ಯಾಪಾರದ ಪ್ರಶ್ನೆ

ಈಗ ನಾಲ್ಕನೆಯ ಪ್ರಶ್ನೆಗೆ ಬರೋಣ: ಮೀನು ಎಲ್ಲಿಂದ ಬಂದುದು? ಬೋಟಿಯಾ ಸ್ಟ್ರಯೇಟಾ ಕರ್ನಾಟಕ ಮತ್ತು ಮಹಾರಾಷ್ಟ್ರಗಳ ಸಹ್ಯಾದ್ರಿಯಲ್ಲಿ ಕೃಷ್ಣಾ ನದಿಯ ಮೇಲ್ಭಾಗದ ಹೊಳೆಗಳಲ್ಲಿ ಮಾತ್ರ ಇರುವ ಮೀನು. ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟವು 2011ರಲ್ಲಿ ಇದನ್ನು ವಿನಾಶದ ಅಪಾಯದಲ್ಲಿರುವ ಜೀವಿಗಳ ವರ್ಗಕ್ಕೆ ಸೇರಿಸಿತು. ಆದರೂ ವ್ಯಾಪಾರ ನಿಲ್ಲಲಿಲ್ಲ. 2005ರಿಂದ 2012ರ ವರೆಗಿನ ಲೆಕ್ಕಪತ್ರಗಳನ್ನು ಪರಿಶೀಲಿಸಿ ವಿಜ್ಞಾನಿಗಳು 2013ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಅಪಾಯದ ಪಟ್ಟಿಯಲ್ಲಿದ್ದ 30 ಜಾತಿಗಳ ಸುಮಾರು 15 ಲಕ್ಷ ಸಿಹಿನೀರಿನ ಮೀನುಗಳು ಆ ಅವಧಿಯಲ್ಲಿ ಭಾರತದಿಂದ ಅಲಂಕಾರಕ್ಕಾಗಿ ರಫ್ತಾದವು. ಹೆಚ್ಚಾಗಿ ಹೋದವುಗಳಲ್ಲಿ ನಮ್ಮ ಪಟ್ಟೆಯ ಲೋಚ್ ಕೂಡ ಒಂದು. ಬೋಟಿಯಾಗಳು ಮನೆಯ ತೊಟ್ಟಿಯಲ್ಲಿ ಮರಿಮಾಡುವುದು ಬಹು ಅಪರೂಪವಾದುದರಿಂದ, ಕೊಳ್ಳುವವನು ಕೇಳದಿದ್ದರೆ ಭಾರವೆಲ್ಲ ಹೊಳೆಯ ಮೇಲೆಯೇ ಬೀಳುತ್ತದೆ.

ಇದಕ್ಕೆ ಒಂದು ಪ್ರತಿವಾದವುಂಟು. ಅದನ್ನು ನ್ಯಾಯವಾಗಿ ಪರಿಶೀಲಿಸಬೇಕು. ಬ್ರೆಜಿಲಿನ ರಿಯೊ ನೀಗ್ರೊ ನದಿಯಲ್ಲಿ ಕಾರ್ಡಿನಲ್ ಟೆಟ್ರಾ ಎಂಬ ಪುಟ್ಟ ಮೀನನ್ನು ಹಿಡಿದು ಮಾರುವುದರಿಂದ ನದಿತೀರದ ಬಡವರಿಗೆ ಜೀವನೋಪಾಯ ದೊರೆಯುತ್ತದೆ. ಮೀನಿಗಾಗಿ ಅವರು ಕಾಡನ್ನು ಉಳಿಸಿಕೊಳ್ಳುತ್ತಾರೆ. ಹಾಗೆಯೇ ಇಲ್ಲಿಯೂ ಆಗಬಾರದೇಕೆ ಎಂದು ಕೇಳುವವರಿದ್ದಾರೆ. ಆದರೆ ಎರಡೂ ಒಂದೇ ಅಲ್ಲ. ಟೆಟ್ರಾ ಅಪಾರ ಸಂಖ್ಯೆಯಲ್ಲಿ ಹುಟ್ಟಿ, ಅಲ್ಪಾಯುವಾಗಿ, ಬೇಸಗೆಯಲ್ಲಿ ಕೆರೆಕುಂಟೆಗಳು ಬತ್ತಿದಾಗ ಹೇಗೂ ಲಕ್ಷಗಟ್ಟಲೆ ಸಾಯುವ ಮೀನು. ನಮ್ಮ ಲೋಚ್ ದೀರ್ಘಾಯು. ಅದರ ಸೀಮೆ ಸಣ್ಣದು. ಅಲ್ಲಿಯೂ ಅಣೆಕಟ್ಟು, ಮರಳುಗಾರಿಕೆ, ಕಲ್ಮಷಗಳಿಂದ ಅದು ಈಗಾಗಲೇ ಸೊರಗಿದೆ. ಬಡ್ಡಿಯನ್ನು ಖರ್ಚುಮಾಡುವುದಕ್ಕೂ ಅಸಲನ್ನು ಖರ್ಚುಮಾಡುವುದಕ್ಕೂ ಇರುವ ಭೇದವೇ ಇಲ್ಲಿಯದು. ಸಾಕಣೆಯ ಕೊಳದಲ್ಲಿ ಹುಟ್ಟಿದ ಮೀನೆಂದು ಖಚಿತವಾಗುವವರೆಗೆ ಪಟ್ಟೆಯ ಲೋಚನ್ನು ಕೊಳ್ಳಬಾರದು ಎಂಬುದೇ ನಮ್ಮ ನಿಲುವು.

ಇನ್ನು ಕೆಲವರು ಕಾಡಿನ ಯಾವ ಜೀವಿಯನ್ನೂ ಮನೆಯಲ್ಲಿ ಇಡಲೇಬಾರದೆನ್ನುತ್ತಾರೆ. ಅವರ ಕರುಣೆಯನ್ನು ಗೌರವಿಸುತ್ತೇವೆ. ಆದರೆ ಎಂದೂ ಕಾಣದ ಜೀವಿಯ ಪರವಾಗಿ ಮಾತನಾಡುವವರು ಕಡಮೆ. ಹೊಳೆಯಲ್ಲಿ ಹೇರಳವಾಗಿರುವ ಮುಳ್ಳು ಲೋಚ್‌ನಂತಹ ಐದಾರು ಮೀನುಗಳನ್ನು ಅರಿತು, ಅಕ್ಕರೆಯಿಂದ ಸಾಕಿದ ಹುಡುಗನು ಮುಂದೆ ಹೊಳೆಯ ಮರಳಿನ ವಿಷಯದಲ್ಲಿ ಸುಮ್ಮನಿರಲಾರನೆಂದು ನಾವು ನಂಬುತ್ತೇವೆ.

ವಿದ್ಯಾರ್ಥಿಗಳು ಮಾಡಬಹುದಾದುದು

ಮನೆಮನೆಗೂ ತೊಟ್ಟಿ ಬೇಕಾಗಿಲ್ಲ. ದಾವಣಗೆರೆ, ಹರಿಹರಗಳ ಒಂದೊಂದು ಹೈಸ್ಕೂಲಿನಲ್ಲಿಯೂ ಕಾಲೇಜಿನಲ್ಲಿಯೂ ತುಂಗಭದ್ರೆಯ ಸಾಮಾನ್ಯ ಮೀನುಗಳ ಒಂದೇ ಒಂದು ಒಳ್ಳೆಯ ತೊಟ್ಟಿಯಿದ್ದರೆ ಸಾಕು. ಅದರ ಪಕ್ಕದಲ್ಲಿ ಒಂದು ಪುಸ್ತಕವಿರಲಿ; ದಿನದ ಉಷ್ಣತೆ, ಮೀನು ಗಾಳಿ ನುಂಗಲು ಎಷ್ಟು ಸಲ ಮೇಲೆ ಬಂದಿತು, ಹಗಲು ಮರಳಿನಲ್ಲಿ ಅಡಗಿದ್ದುದೆಷ್ಟು, ರಾತ್ರಿ ಹೊರಬಂದುದೆಷ್ಟು ಎಂಬುದನ್ನು ಸರದಿಯಂತೆ ಬರೆಯಲಿ. ನೀರಿನ ಉಷ್ಣತೆ ಏರಿದಂತೆ ಗಾಳಿ ನುಂಗುವುದು ಹೆಚ್ಚುವುದೇ ಎಂಬ ಒಂದು ಪ್ರಶ್ನೆಯೇ ಒಂದು ವರ್ಷದ ಅಧ್ಯಯನಕ್ಕೆ ಸಾಲುವುದು.

ಹೊಳೆಗೆ ಹೋಗುವಾಗ ಅಧ್ಯಾಪಕರೊಡನೆ, ಮೀನುಗಾರಿಕೆ ಇಲಾಖೆಯ ಅನುಮತಿ ಪಡೆದು ಹೋಗಬೇಕು, ಮಳೆಗಾಲದಲ್ಲಿ ನೀರಿಗಿಳಿಯಲೇಬಾರದು. ಹಿಡಿದ ಮೀನನ್ನು ಗಾಜಿನ ಪಾತ್ರೆಯಲ್ಲಿಟ್ಟು, ಮುಳ್ಳು, ಬಾಲ, ಮೀಸೆಗಳನ್ನು ನೋಡಿ ಚಿತ್ರ ತೆಗೆದು, ಹಿಡಿದ ಜಾಗದಲ್ಲಿಯೇ ಒಡನೆಯೇ ಬಿಡಬೇಕು. ಪಟ್ಟೆಯ ಲೋಚ್ ಕಂಡರೆ ಅದನ್ನು ತರುವ ಯೋಚನೆಯನ್ನೇ ಮಾಡಕೂಡದು. ಕಂಡ ಸ್ಥಳ, ದಿನಾಂಕಗಳನ್ನು ಬರೆದಿಟ್ಟರೆ ಅದೇ ಅಮೂಲ್ಯ. ದಡದ ಮೀನುಗಾರರನ್ನು ಮಾತನಾಡಿಸಿ, ಒಂದೊಂದು ಮೀನಿಗೂ ಅವರಿಟ್ಟಿರುವ ಹೆಸರನ್ನು ಅವರ ಉಚ್ಚಾರಣೆಯಂತೆಯೇ ಕನ್ನಡದಲ್ಲಿ ದಾಖಲಿಸಬೇಕು. ಊರಿಂದೂರಿಗೆ ಬದಲಾಗುವ ಆ ಹೆಸರುಗಳು ಹಿರಿಯರೊಡನೆ ಮರೆಯಾಗುತ್ತಿವೆ. ಸೈಕ್ಸ್ ಮಾಡಿದ ಕೆಲಸವನ್ನು ಮಾಡಲು ನಮ್ಮವರಿಗೆ ಯಾವ ಅಡ್ಡಿಯೂ ಇಲ್ಲ.

ಕೊನೆಯದಾಗಿ, ಎಂದಿಗೂ ಮರೆಯಬಾರದ ಒಂದು ನಿಯಮ: ಅಂಗಡಿಯ ಮೀನು ಬೇಡವಾಯಿತೆಂದು ಕುಂದುವಾಡ ಕೆರೆಗಾಗಲಿ, ನಾಲೆಗಾಗಲಿ, ಹೊಳೆಗಾಗಲಿ ಬಿಡಕೂಡದು. ಬಿಡುಗಡೆ ಪುಣ್ಯವೆಂದು ತೋರಬಹುದು. ಆದರೆ ದಕ್ಷಿಣ ಅಮೆರಿಕದ ಸಕ್ಕರ್ ಮೀನು ಹೀಗೆ ತೊಟ್ಟಿಗಳಿಂದ ಹೊರಬಿದ್ದೇ ಭಾರತದ ಅನೇಕ ನೀರುನೆಲೆಗಳನ್ನು ಆಕ್ರಮಿಸಿದೆ. ಬೇಡವಾದ ಮೀನನ್ನು ಅಂಗಡಿಗೋ, ಸಾಕಬಲ್ಲ ಸ್ನೇಹಿತರಿಗೋ ಕೊಡಬೇಕು.

ಶೃಂಗೇರಿಯಲ್ಲಿಯೂ ತೀರ್ಥಹಳ್ಳಿಯ ಬಳಿಯ ಚಿಬ್ಬಲಗುಡ್ಡೆಯಲ್ಲಿಯೂ ತುಂಗೆಯ ದೊಡ್ಡ ಮೀನುಗಳನ್ನು ದೇವರ ಮೀನುಗಳೆಂದು ಜನ ತಲೆತಲಾಂತರದಿಂದ ಕಾಪಾಡಿಕೊಂಡು ಬಂದಿದ್ದಾರೆ. ಅವುಗಳ ಕೆಳಗೆ, ಅದೇ ನೀರಿನ ಮರಳಿನಲ್ಲಿ, ಯಾರೂ ಅಕ್ಕಿ ಎರಚದ ಬೆರಳುದ್ದದ ಮೀನುಗಳೂ ಇವೆ. ಭಕ್ತಿ ದೊಡ್ಡ ಮೀನುಗಳನ್ನು ಉಳಿಸಿತು. ಚಿಕ್ಕವುಗಳನ್ನು ಉಳಿಸಲು ತಿಳಿವಳಿಕೆ ಬೇಕು. ಅದನ್ನು ನಮ್ಮ ವಿದ್ಯಾರ್ಥಿಗಳೇ ಸಂಪಾದಿಸಬೇಕು.